ನಾನಿಟ್ಟ ಸುಳ್ಳು ಹೆಸರು

‘ಕಾಕತಾಳೀಯ’ ಎಂಬ ಒಂದು ಪದ ಕೈಯಲ್ಲಿದ್ದರೆ ಎಂಥ ವಿಚಿತ್ರದ ಬಾಯನ್ನೂ ಮುಚ್ಚಿಸಬಹುದು ಎಂದುಕೊಂಡಿದ್ದವಳು ನಾನು. ನಮ್ಮ ಚಿಕ್ಕಮ್ಮ ಕನಸು ನಿಜವಾದ ಕಥೆ ತೆಗೆದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ದೆವ್ವ ಭೂತಗಳನ್ನು ಈಗಲೂ ನಂಬುವುದಿಲ್ಲ. ಆದರೆ ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಡೆದದ್ದಕ್ಕೆ ಆ ಪದ ಸಾಲುತ್ತಿಲ್ಲ. ನೀವು ನಂಬಲೇಬೇಕೆಂದೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ, ಸಂಶೋಧನೆಗಾಗಿ ಅಲ್ಲಿ ಸಾಲಾಗಿ ಕಟ್ಟಿಸಿದ ಲೈನ್ ಮನೆಗಳ ಕೂಲಿ ಹೆಂಗಸರ ಬದುಕಿನ ಕಥೆಗಳನ್ನು ಕೇಳಿ ದಾಖಲಿಸುತ್ತಿದ್ದೆ. ಅಂಕಿಅಂಶದ ಕೆಲಸವಲ್ಲ, ಬಾಗಿಲಲ್ಲಿ ಕೂತು ಗಂಟೆಗಟ್ಟಲೆ ಕೇಳುವ ಕೆಲಸ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದು ಮೊದಲೇ ಎಲ್ಲರಿಗೂ ಮಾತು ಕೊಡುತ್ತಿದ್ದೆ. ಪುಟ್ಟಮ್ಮ ಎಂಬ ವಿಧವೆ ಇದನ್ನು ಪರೀಕ್ಷಿಸಿಯೂ ನೋಡಿದರು. ‘ಪಕ್ಕದ್ ಮನೆಯೋಳು ನನ್ ಬಗ್ಗೆ ಏನಂದ್ಲು, ಹೇಳಿ ಮೇಡಮ್ಮೋರೆ’ ಎಂದು ಎಷ್ಟು ಕೆಣಕಿದರೂ ನಾನು ಬಾಯಿ ಬಿಡಲಿಲ್ಲ. ‘ಗಟ್ಟಿ ಇದ್ದೀರ ಕಣ್ರೀ’ ಎಂದು ನಕ್ಕರು.

ಆಮೇಲೆ ಮನಸ್ಸು ಬಿಚ್ಚಿ ಮಾತಾಡಿದರು. ತನ್ನನ್ನು ಕುಡುಕನಿಗೆ ಕಟ್ಟಿ ಕೈತೊಳೆದುಕೊಂಡ ತಾಯಿಯ ಮೇಲೆ ಅವರಿಗೆ ಆರದ ಸಿಟ್ಟಿತ್ತು. ‘ನಮ್ಮವ್ವ ಸತ್ರೂ ಅವಳ ಮುಖ ನೋಡಾಕಿಲ್ಲ’ ಎಂದರು. ಮಕ್ಕಳೆಷ್ಟು ಎಂದಾಗ, ಇಬ್ಬರೇ, ಇಬ್ಬರೂ ಗಂಡು ಎಂದರು.

ವರದಿ ಬರೆಯುವಾಗ ಹೆಸರು, ಊರು, ಚಹರೆಗಳನ್ನು ಗುರುತು ಸಿಗದಂತೆ ಬದಲಿಸಬೇಕು. ಆಡಿದ ಮಾತನ್ನು ಮಾತ್ರ ಹಾಗೇ ಇಡಬೇಕು. ಅದು ನಮ್ಮ ಕಸುಬಿನ ಕಟ್ಟಳೆ. ಹಾಸನದ ಬಾಡಿಗೆ ಕೋಣೆಯಲ್ಲಿ ಅವಲಕ್ಕಿ ತಿನ್ನುತ್ತಾ ಪುಟ್ಟಮ್ಮನಿಗೆ ಚಂದ್ರಕಲಾ ಎಂದು ಹೆಸರಿಟ್ಟೆ. ಎಸ್ಟೇಟಿನಿಂದ ಎತ್ತಿ ದೋಣಿಗಲ್ಲಿನ ಹೆದ್ದಾರಿ ಹೋಟೆಲೊಂದರಲ್ಲಿ ಪಾತ್ರೆ ತೊಳೆಯಲು ಹಾಕಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಅವರ ಬೆರಳೊಂದು ಹೋಗಿತ್ತು. ಅದರ ಬದಲು ಎಡಗಿವಿಯ ಕೆಳಗೆ ಒಂದು ಸುಟ್ಟ ಕಲೆ ಇಟ್ಟೆ. ಯಾಕೆ ಅದೇ ಹೆಸರು, ಅದೇ ಕಲೆ? ತೋಚಿತು, ಬರೆದೆ.

ಬರೆದದ್ದನ್ನು ಅವರವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯುವುದೂ ಒಂದು ಕಟ್ಟಳೆಯೇ. ಒಂದು ಭಾನುವಾರ ಮಧ್ಯಾಹ್ನ ಪುಟ್ಟಮ್ಮ ಸೊಪ್ಪು ಸೋಸುತ್ತಾ ಕೂತಿದ್ದರು. ಹೆಸರು, ಊರು ಎಲ್ಲ ಬದಲಿಸಿದ್ದೇನೆ ಎಂದು ಹೇಳಿಯೇ ಓದತೊಡಗಿದೆ. ದೋಣಿಗಲ್ಲಿನ ಹೋಟೆಲು ಬಂತು, ಚಂದ್ರಕಲಾ ಬಂದಳು, ಕಿವಿಯ ಕೆಳಗಿನ ಕಲೆ ಬಂತು. ‘ನಮ್ಮವ್ವ ಸತ್ರೂ ಅವಳ ಮುಖ ನೋಡಾಕಿಲ್ಲ’ ಎಂಬಲ್ಲಿಗೆ ಬರುವಷ್ಟರಲ್ಲಿ ಸೊಪ್ಪಿನ ಕೈ ನಿಂತಿತ್ತು.

‘ಎಲ್ಲಿ ಸಿಕ್ಕಿದ್ಲು?’ ಎಂದರು.

‘ಯಾರು?’

‘ನನ್ ಮಗಳು ಕಣವ್ವಾ. ಚಂದ್ರಕಲಾ.’

ಮಗಳೊಬ್ಬಳಿದ್ದಳು. ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಕ್ಕೆ ಪುಟ್ಟಮ್ಮನೇ ಸೌಟು ಕಾಯಿಸಿ ಎಡಗಿವಿಯ ಕೆಳಗೆ ಬರೆ ಎಳೆದಿದ್ದರು. ಮರುದಿನ ಅವಳು ಮನೆಬಿಟ್ಟು ಹೋದಳು. ಬದುಕಿರುವ ಮಗಳಿಗೇ ಗಂಡ ತಿಥಿ ಮಾಡಿ, ಅವಳ ಹೆಸರು ಮನೆಯಲ್ಲಿ ಯಾರೂ ಎತ್ತಕೂಡದೆಂದ. ಈ ಲೈನಿಗೆ ಅವರು ಬಂದದ್ದೇ ಅದಾದ ಮೇಲೆ. ‘ಆ ಬರೆ ನಂಗೂ ಅವ್ಳಿಗೂ ಬಿಟ್ರೆ ದ್ಯಾವ್ರಿಗೆ ಗೊತ್ತು’ ಎಂದರು.

ಇದೆಲ್ಲ ನಾನೇ ಕಟ್ಟಿದ್ದು, ಚಂದ್ರಕಲಾ ಅಂದರೆ ನೀವೇ, ಆ ಮಾತು ನಿಮ್ಮ ತಾಯಿಯ ಬಗ್ಗೆ ನೀವೇ ಆಡಿದ್ದು ಎಂದು ಆಣೆ ಇಟ್ಟು ಹೇಳಿದೆ.

‘ನಾನಂದಿದ್ದು ನಮ್ಮವ್ವಂಗೆ. ಅವ್ಳಂದಿರೋದು ನಂಗೆ’ ಎಂದರು ಪುಟ್ಟಮ್ಮ. ಆಮೇಲೆ ನನ್ನನ್ನೇ ಸಮಾಧಾನ ಮಾಡುವವರಂತೆ, ‘ಯಾರ್ಗೂ ಹೇಳ್ಬ್ಯಾಡಿ ಅಂದವ್ಳೆ, ಅಲ್ವಾ? ನೀವು ಮಾತು ತಪ್ಪಾಕಿಲ್ಲ, ನಂಗೊತ್ತು. ಹೆಸ್ರು ದಿಟ, ಬರೆ ದಿಟ. ದೋಣಿಗಲ್ ಒಂದು ಹೆಂಗೆ ಸುಳ್ಳಾಯ್ತದೆ?’ ಎಂದರು.

ಅಲ್ಲವೆಂದಷ್ಟೂ ಅವರ ನಂಬಿಕೆ ಬಲವಾಯಿತು. ಹೊರಟಾಗ ಕೈ ಹಿಡಿದುಕೊಂಡು ಒಂದೇ ಒಂದು ಕೇಳಿದರು: ‘ಬರೆ ಇನ್ನೂ ಎದ್ದು ಕಾಣ್ತದಾ?’ ಸುಮ್ಮನೆ ನಿಂತೆ. ಅವರು ಅದನ್ನು ಹೌದೆಂದು ತೆಗೆದುಕೊಂಡು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಅವರ ಮಾತಿನ ಧ್ವನಿಮುದ್ರಣವನ್ನೆಲ್ಲ ಮತ್ತೆ ಕೇಳಿದೆ. ಮಗಳ ಸುಳಿವೇ ಇಲ್ಲ. ಲೈನಿನ ಹೆಂಗಸರ ಮಾತುಗಳಲ್ಲೂ ಇಲ್ಲ. ಅಂಥ ಮಗಳಿದ್ದಳೆಂದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರು ಕಾಕತಾಳೀಯ ಇರಬಹುದು, ಎಷ್ಟೋ ಜನ ಚಂದ್ರಕಲಾ ಇದ್ದಾರೆ. ಆ ಕಲೆ? ಅದು ನನ್ನ ತಲೆಗೆ ಎಲ್ಲಿಂದ ಬಂತೆಂದು ಇವತ್ತಿಗೂ ತಿಳಿದಿಲ್ಲ.

ಮರುವರ್ಷ ಮಂಗಳೂರಿಗೆ ಹೋಗುವಾಗ ಬಸ್ಸು ದೋಣಿಗಲ್ಲಿನ ಒಂದು ಹೋಟೆಲಿನ ಮುಂದೆ ನಿಂತಿತು. ಕಾಫಿಗೆಂದು ಒಳಗೆ ಕಾಲಿಟ್ಟಿದ್ದೆನಷ್ಟೇ, ಗಲ್ಲಾದಿಂದ ಯಜಮಾನ ಕೂಗಿದ: ‘ಏ ಚಂದ್ರಕಲಾ, ಲೋಟ ತತ್ತಾ!’ ತೊಳೆದ ಲೋಟಗಳ ತಟ್ಟೆ ಹಿಡಿದು ಒಳಗಿನಿಂದ ಬಂದವರು ಪುಟ್ಟಮ್ಮ. ಎಸ್ಟೇಟ್ ಬಿಟ್ಟು ಬಂದು, ಅದೇ ತನ್ನ ಹೆಸರೆಂದು ಹೇಳಿ ಕೆಲಸಕ್ಕೆ ಸೇರಿದ್ದರಂತೆ. ದಿನವೂ ಆ ಹೆಸರು ಕೂಗುತ್ತಿದ್ದರೆ ಮಗಳು ಎಲ್ಲಾದರೂ ಕೇಳಿಸಿಕೊಂಡು ತಿರುಗಿ ನೋಡಿಯಾಳು ಎಂದು.

ಇದನ್ನು ಹೇಳಿದ್ದು ಆಮೇಲೆ. ನನ್ನನ್ನು ಕಂಡೊಡನೆ ತಟ್ಟೆ ಕೆಳಗಿಟ್ಟು, ನನ್ನ ಹೆಗಲಾಚೆ ಬಸ್ಸಿನಿಂದ ಇಳಿಯುತ್ತಿದ್ದ ಹೆಂಗಸರ ಎಡಗಿವಿಗಳನ್ನೇ ಒಂದೊಂದಾಗಿ ನೋಡುತ್ತಾ ನಿಂತರು. ಕೊನೆಯವಳೂ ಇಳಿದ ಮೇಲೆ ನನ್ನ ಕಡೆ ತಿರುಗಿದರು.

‘ಕರ್ಕೊಂಡ್ ಬರ್ಲಿಲ್ವಾ?’