ಬೇಲಿಯಾಚೆಯ ಚಿಕ್ಕವಳು

ನಾವು ನೆಲೆಸಿರುವ ಪರದೇಶದ ಊರು ಪಾಯಿಂಟ್ ಕುಕ್‌ನಲ್ಲಿ ನಮ್ಮ ಪಕ್ಕದ ಮನೆಯ ಸ್ಕಾಟಿಷ್ ಅಜ್ಜಿ ಆರಡಿ ಎತ್ತರವಿದ್ದರು. ಯಾರ ಹೆಸರು ಕಿವಿಗೆ ಬಿದ್ದರೂ ಬೇಲಿಯ ಮೇಲಿಂದ ತಲೆ ಹಾಕಿ, "ಅದಕ್ಕೊಂದು ಅರ್ಥ ಇದೆ, ಕೇಳು" ಎನ್ನುತ್ತಿದ್ದರು. ಕ್ಯಾಮರಾನ್ ಎಂದರೆ ಸೊಟ್ಟ ಮೂಗು ಎಂದು ಅವರು ಹೇಳಿದ ಮೇಲೆ, ಅದೇ ಹೆಸರಿನ ನನ್ನ ಮ್ಯಾನೇಜರ್ ಮುಖವನ್ನು ಮೀಟಿಂಗ್‌ನಲ್ಲಿ ನೋಡುವುದೇ ಕಷ್ಟವಾಯಿತು.

ನನ್ನ ಮಗಳಿಗೆ ನನ್ನ ಅಮ್ಮನ ಹೆಸರು, ಶಾರದಾ. ಅತ್ತೆಯ ಹೆಸರು ಹಿಡಿದು ಕೂಗಲಾರದೆ ನನ್ನ ಹೆಂಡತಿ ಅವಳನ್ನು 'ಪುಟ್ಟಿ' ಎಂದೇ ಕರೆಯುತ್ತಾಳೆ. ಒಂದು ಸಂಜೆ ಮಗಳು ಮುಖ ಊದಿಸಿಕೊಂಡು, "ಅಮ್ಮಂಗೆ ನನ್ನ ಹೆಸರು ಇಷ್ಟಾನೇ ಇಲ್ಲ" ಎಂದು ಬೇಲಿಯಾಚೆಯ ಅಜ್ಜಿಗೆ ದೂರು ಹೇಳಿದಳು.

ಬಟ್ಟೆ ಒಣಹಾಕುತ್ತಿದ್ದ ಹೆಂಡತಿ, "ಅತ್ತೆ ಹೆಸರು ಹಿಡಿದು ಮಗೂನ ಹೇಗೆ ಬೈಯೋದು ಆಂಟಿ?" ಎಂದಳು.

ಅಜ್ಜಿ ನಕ್ಕುಬಿಟ್ಟರು. "ಪುಟ್ಟಿಗೂ ಅರ್ಥ ಇದೆ, ಕೇಳು ಮರಿ. ನಂಗೂ ಅಜ್ಜಿ ಹೆಸರೇ ಇಟ್ಟಿದ್ರು. ಒಂದೇ ಮನೇಲಿ ಒಂದೇ ಹೆಸರಿನ ಇಬ್ರು ಆದ್ವಲ್ಲ, ಅದಕ್ಕೇ ನನ್ನನ್ನ ಚಿಕ್ಕವಳು ಅಂತಿದ್ರು."

ಆಗಲೇ ಅವರ ಫೋನ್ ರಿಂಗಾಯಿತು. ಸ್ಪೀಕರ್‌ನಲ್ಲಿ ಗ್ಲಾಸ್ಗೋದಿಂದ ಅವರ ಅಣ್ಣನ ನಡುಗುವ ದನಿ ಕೇಳಿಸಿತು: "ಚಿಕ್ಕವಳೇ, ಹೇಗಿದ್ದೀಯೇ?"

ಮಗಳು ಕತ್ತೆತ್ತಿ ಆ ಆರಡಿಯ ಚಿಕ್ಕವಳನ್ನು ನೋಡಿದಳು. ಆಮೇಲೆ ತಾಯಿಯ ಬಳಿ ಓಡಿ, "ಅಮ್ಮಾ, ಪುಟ್ಟಿ ಈಸ್ ಓಕೆ" ಎಂದಳು.