ಪನ್ಹಾಳಗಡದಿಂದ ಅಕ್ಕ ನೋಡದ ಊರು

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಕೊಲ್ಹಾಪುರಕ್ಕೆ ಹೋದಳು. ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ರಾಯಬಾಗದ ಹತ್ತಿರದ ನಮ್ಮ ತೋಟದ ಮನೆಗೆ ಮರಳಿದಳು. ಊರ ಅಂಗನವಾಡಿಯಲ್ಲಿ ಕೆಲಸ ಹಿಡಿದಳು. ನನ್ನ ಡಿಗ್ರಿ ಮುಗಿಯುವವರೆಗೂ ಬೆಳಗಿನ ಚಿಕ್ಕೋಡಿ ಬಸ್ಸಿಗೆ ನನಗೆ ಬುತ್ತಿ ಕಟ್ಟಿಕೊಟ್ಟವಳು ಅವಳೇ. ಆ ನಾಲ್ಕು ವರ್ಷಗಳ ಬಗ್ಗೆ ಆಕೆ ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಸಿಟ್ಟು ಬಂದಾಗ ಮಾತ್ರ ಬಾಯಲ್ಲಿ ಕೊಲ್ಹಾಪುರದ ಮರಾಠಿ ಬರುತ್ತಿತ್ತು.

ನಾನೀಗ ಚಿಕ್ಕೋಡಿಯ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಕಾರು ಕೊಂಡ ವರ್ಷ, ಶ್ರಾವಣದ ಒಂದು ಭಾನುವಾರ ಮಳೆ ಬಿಡುವು ಕೊಟ್ಟಾಗ, ಹೆಂಡತಿಯನ್ನೂ ಅವಳ ತಮ್ಮನನ್ನೂ ಕೊಲ್ಹಾಪುರದ ಹತ್ತಿರದ ಬೆಟ್ಟದ ಕೋಟೆ ಪನ್ಹಾಳಗಡಕ್ಕೆ ಹೊರಡಿಸಿದೆ. ಎಲ್ಲಿಗೆ ಕರೆದರೂ ಒಲ್ಲೆ ಎನ್ನುತ್ತಿದ್ದ ಅಕ್ಕ ಅವತ್ತು ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಕೂತಿದ್ದಳು.

ಗಡ ಮುಟ್ಟಿದಾಗ ಹತ್ತೂವರೆ. ಬಿಸಿಲು ಚೊಕ್ಕಟವಾಗಿ ಬಿದ್ದಿತ್ತು. ಕಾರಿಳಿದ ಕೂಡಲೇ ಅಕ್ಕ, ಕೊಲ್ಹಾಪುರ ಯಾವ ಕಡೆಯಿಂದ ಕಾಣುತ್ತದೆ ಎಂದು ಕೇಳಿದಳು. ಮೂಡಣ ಗೋಡೆಯಿಂದ, ಆಮೇಲೆ ಹೋಗೋಣ ಎಂದೆ. ಮೊದಲು ಹಳೆಯ ಧಾನ್ಯದ ಕಣಜ ನೋಡಬೇಕು ಎಂಬುದು ನನ್ನ ಹಟ. ಒಳಗೆ ಭಾವಮೈದುನನಿಗೆ ಪಾಠ ಶುರುಮಾಡಿದೆ: ಈ ಗಡ ಎಷ್ಟು ಪುರಾತನದ್ದು, ಯಾವ ರಾಜರು ಆಳಿದರು, ಮುತ್ತಿಗೆ ಬಿದ್ದಾಗ ಎಷ್ಟು ದಿನ ಕಾಳು ಸಾಕಾಗುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದಳು. ಊಟ ಮಾಡಿಕೊಂಡೇ ಹೋಗೋಣ ಎಂದೆ. ಗಡದ ಮೇಲೆ ರೊಟ್ಟಿ, ಕಡಲೆಹಿಟ್ಟಿನ ಝುಣಕ ಮಾರುವ ಹೆಂಗಸಿನ ಹತ್ತಿರ ಕೂತೆವು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಅಕ್ಕ ಒಂದೇ ರೊಟ್ಟಿಗೆ ಕೈತೊಳೆದಳು.

ಏಳುವಷ್ಟರಲ್ಲಿ ಕಣಿವೆಯಿಂದ ಮಂಜು ಏರಿ ಬಂದಿತ್ತು. ಗೋಡೆಯ ಹತ್ತಿರ ಹೋದರೆ ಹತ್ತು ಮಾರು ಆಚೆಗಿನ ಗಿಡವೂ ಕಾಣುತ್ತಿಲ್ಲ. ಅಕ್ಕ ಕಲ್ಲಿನ ಮೇಲೆ ಕೈಯೂರಿ ಬಿಳಿಯನ್ನೇ ನೋಡುತ್ತ ನಿಂತಳು. ಅರ್ಧ ಗಂಟೆ ಕಾದೆವು. ಮಳೆ ಶುರುವಾಯಿತು.

ಕಾರು ಘಾಟಿ ಇಳಿಯುವಾಗ ಆಕೆ ತಾನಾಗಿ ಹೇಳಿದಳು: "ಕೊಲ್ಹಾಪುರದಾಗ ನಮ್ಮ ಮನಿ ಮಾಳಗಿ ಮ್ಯಾಲಿಂದ ಈ ಗಡ ಕಾಣತಿತ್ತು. ಸಂಜಿಗೆ ಒಣಗಿದ ಅರಿವಿ ತಗಿಯಾಕ ಹೋದ್ರ ಅವರೂ ಬಂದು ನಿಲ್ಲತಿದ್ರು. ಒಂದಿನ ಕರಕೊಂಡ ಹೋಗತೇನಿ, ಅಲ್ಲಿಂದ ನಮ್ಮ ಗಲ್ಲಿ ಎಷ್ಟ ಸಮೀಪ ಕಾಣತೈತಿ ನೋಡೂಣು ಅಂತಿದ್ರು."

ದೀಪಾವಳಿಗೆ ಮತ್ತೆ ಬರೋಣ, ನಾವಿಬ್ಬರೇ, ಎಂದೆ.

ದೀಪಾವಳಿಗೆ ತಿದ್ದಲು ಉತ್ತರಪತ್ರಿಕೆಗಳು ಬಂದವು. ಆಮೇಲೆ ಅಡ್ಮಿಷನ್ನು, ಆಮೇಲೆ ಮತ್ತೇನೋ. ಬೇರೆ ಕೆಲಸಕ್ಕೆ ಕೊಲ್ಹಾಪುರಕ್ಕೆ ಎಷ್ಟೋ ಸಲ ಹೋಗಿಬಂದೆ. ಅಕ್ಕ ನೆನಪಿಸುವವಳಲ್ಲ. ಸಕ್ಕರೆ ಕಾಯಿಲೆ ಕಣ್ಣಿಗಿಳಿದದ್ದನ್ನೂ ಆಕೆ ಹೇಳಿರಲಿಲ್ಲ. ಅಂಗನವಾಡಿಯ ಹೊಸ್ತಿಲಲ್ಲಿ ಎಡವಿ ಬಿದ್ದಾಗಲೇ ನಮಗೆ ಗೊತ್ತಾದದ್ದು. ಮಿರಜದ ಡಾಕ್ಟರು ಲೇಸರ್ ಮಾಡಿದರು. ಬೆಳಕು, ಕತ್ತಲು, ಎದುರಿಗೆ ಬಂದವರ ನೆರಳು, ಇಷ್ಟು ಉಳಿಯಿತು.

ಕಳೆದ ಚಳಿಗಾಲದಲ್ಲಿ ಅಕ್ಕನನ್ನು ಗಡಕ್ಕೆ ಕರೆದೊಯ್ದೆ. ಆಕೆ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಕೈ ಹಿಡಿದು ಗೋಡೆಯ ತನಕ ನಡೆಸಿದೆ. ಬೆಳಗಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಸಮೀಪ ಕಾಣತೈತೇನು?" ಎಂದಳು.

ಕೆಳಗೆ ಕಬ್ಬಿನ ಹೊಲಗಳು, ಅವುಗಳಾಚೆ ಇನ್ನಷ್ಟು ಹೊಲಗಳು. ಅದರಾಚೆ ಕಂದು ಧೂಳಿನೊಳಗೆ ಸುಣ್ಣದ ಚಕ್ಕೆ ಚೆಲ್ಲಿದಂತೆ ಕೊಲ್ಹಾಪುರ. ಗಲ್ಲಿ ಹಾಗಿರಲಿ, ಅರಮನೆಯೂ ಗುರುತು ಸಿಗದು.

"ಹೌದಕ್ಕಾ. ಕೈಚಾಚಿದ್ರ ಸಿಗೂವಷ್ಟು."

ಆಕೆ ನನ್ನ ದನಿಯ ಕಡೆ ಮುಖ ತಿರುಗಿಸಿದಳು. "ಇದ್ದದ್ದು ಇದ್ದಂಗ ಹೇಳೋ."

ಆಗ ಇದ್ದದ್ದು ಹೇಳಿದೆ. ಭಾಳ ದೂರ, ಒಂದು ಮನೆಯೂ ಬೇರೆಯಾಗಿ ಕಾಣುವುದಿಲ್ಲ ಎಂದೆ. ಅಕ್ಕ ತಲೆಯಾಡಿಸಿದಳು. ಆಮೇಲೆ ಆಕೆಯ ಮುಖದಲ್ಲಿ ನಗು ಬಂತು.

"ಹಂಗಾರ ಅವರಿಗೂ ಗೊತ್ತಿರಲಿಲ್ಲ. ಆವಾಗ ಇಬ್ಬರೂ ಕೂಡಿ ಬಂದಿದ್ರ ಅವರನ್ನ ಚಲೋ ಆಡಿಕೊಂಡು ನಗತಿದ್ದೆ."

ಅಂದು ಹತ್ತೂವರೆಯ ಬಿಸಿಲಿನಲ್ಲಿ ನಾನು ಪಾಠ ಹೇಳದೆ ಇಲ್ಲಿಗೆ ಕರೆತಂದಿದ್ದರೆ, ಇದನ್ನು ಆಕೆ ತನ್ನ ಕಣ್ಣಿಂದಲೇ ನೋಡಿ ನಗುತ್ತಿದ್ದಳು. ನನ್ನ ಬಾಯಿಂದ, ಅದೂ ಮೊದಲೊಂದು ಸುಳ್ಳು ಕೇಳಿ, ತಿಳಿಯಬೇಕಿರಲಿಲ್ಲ.

ಇಳಿಯುವಾಗ, ಹಾದಿಯಲ್ಲೇ ಇದೆಯಲ್ಲ, ಆ ಗಲ್ಲಿಗೆ ಹೋಗಿಬರೋಣವೇ ಎಂದು ಕೇಳಿದೆ.

"ಈಗದು ಯಾರ ಮನಿಯೋ ಏನೋ. ಸೀದಾ ಊರಿಗೆ ನಡಿ," ಎಂದಳು.

ನಾನು ಕೊಲ್ಹಾಪುರದೊಳಗೆ ತಿರುಗದೆ ನಿಪ್ಪಾಣಿಯ ಹೆದ್ದಾರಿ ಹಿಡಿದೆ.