ಗೋಡೆಗೆ ಕಟ್ಟಿದ ಹಪ್ಪಳ

ಸಂಕ್ರಾಂತಿಗೆ ಕುಸುರೆಳ್ಳು ಕೊಡಲು ಮಾಳಮಡ್ಡಿಯ ನಮ್ಮ ಮನೆಗೆ ಬಂದ ಬೀಗತಿ ಒಳಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿದರು. ಆಮೇಲೆ ಆ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದರು. ಒದ್ದೆಯಾಗಿತ್ತು.

"ಈ ಖೋಲ್ಯಾಗ ಬಾಣಂತನ ಮಾಡ್ತೀರೇನ್ರಿ? ನಮ್ಮ ಸೊಸಿಗೆ ಮೊದಲೇ ದಮ್ಮಿನ ಬ್ಯಾನಿ ಐತಿ. ಹೆರಿಗಿ ಆಷಾಢದಾಗ ಬರ್ತೈತಿ. ಗ್ವಾಡಿ ಒಣಗಿದ್ರ ಕಳಸ್ತೇವಿ, ಇಲ್ಲಾಂದ್ರ ನಮ್ಮ ಮನ್ಯಾಗ ಆಗ್ಲಿ."

ನಮ್ಮ ಸೊಸಿಯಂತೆ! ಹೆತ್ತು ಹದಿನೆಂಟು ವರ್ಷ ಸಾಕಿದವಳು ನಾನು. ಇದ್ದವಳು ಒಬ್ಬಳೇ ಮಗಳು. ಅವಳ ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ನಾನು ಓಣಿಯಲ್ಲಿ ಯಾವ ಮುಖ ಹೊತ್ತು ತಿರುಗಲಿ? ಸಿಟ್ಟು ನೆತ್ತಿಗೇರಿತು. ಆದರೆ ಅವರ ಅಂಗೈ ಒದ್ದೆಯಾಗಿದ್ದದ್ದು ಖರೆಯೇ ಆಗಿತ್ತು.

ಅದಕ್ಕೆ ಕಾರಣವೂ ನಾನೇ. ಮೊದಲು ಆ ಮಣ್ಣಿನ ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಪುಡಿಪುಡಿಯಾಗಿ ಉದುರುತ್ತಿತ್ತು, ವಿಭೂತಿ ಬಳಿದ ಹಾಗೆ. ಸಿಮೆಂಟು ಆಗ ಹೊಸದು. ಯಾರೋ ಸಾಹೇಬರ ಬಂಗಲೆಯ ನುಣ್ಣನೆಯ ಗೋಡೆ ನೋಡಿ ಬಂದವಳು ನಮ್ಮ ಯಜಮಾನರ ತಲೆ ತಿಂದೆ. ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಸೈಕಲ್ ಮೇಲೆ ಬರುತ್ತಿದ್ದ ಗುತ್ತೇದಾರನನ್ನು ಆ ಸಂಕ್ರಾಂತಿಗೆ ಎರಡು ವರ್ಷ ಮೊದಲು ಕರೆಸಿ ಒಳಗೂ ಹೊರಗೂ ಸಿಮೆಂಟು ಬಳಿಸಿದೆ. ಒಂದು ಬೇಸಿಗೆ ಗೋಡೆ ಮಿರಮಿರ ಮಿಂಚಿತು. ಆಮೇಲೆ ಮೊಣಕಾಲಿನ ಮಟ್ಟದಲ್ಲಿದ್ದ ತೇವ ಸೊಂಟದ ಮಟ್ಟಕ್ಕೆ ಏರಿತು.

ಬೀಗತಿ ಹೋದ ಮರುದಿನವೇ ಗುತ್ತೇದಾರನನ್ನು ಕರೆಸಿದೆ. "ಇನ್ನೊಂದು ಪದರ ಸಿಮಿಟ್ ಹಾಕೂಣ್ರಿ ಅವ್ವಾರ" ಎಂದ.

"ಬಾಗಲಾ ಅಲ್ಲೈತಿ, ನಿಮ್ಮ ಸೈಕಲ್ಲೂ ಅಲ್ಲೇ ಐತಿ" ಎಂದೆ.

ಆವತ್ತು ಊಟಕ್ಕೆ ಕೂತಾಗ ಯಜಮಾನರು ಬಾಯಿ ಬಿಟ್ಟರು. ಅವರು ಹುಬ್ಬಳ್ಳಿಯ ಒಂದು ಅರಳೆ ವಖಾರಿಯಲ್ಲಿ, ಅಂದರೆ ಹತ್ತಿಯ ಗೋದಾಮಿನಲ್ಲಿ, ಕಾರಕೂನರು. "ನಮ್ಮ ವಖಾರಿ ಕಟ್ಟಿದ ಗೌಂಡಿ ಗೋಪನಕೊಪ್ಪದಾಗ ಅದಾನ. ಎಂಥಾ ಮಳಿಗಾಲದಾಗೂ ಒಂದು ಅಂಡಿಗಿ ಅರಳಿ ಹಸಿ ಹಿಡಿದಿಲ್ಲ."

"ಎರಡು ವರ್ಷದಿಂದ ಯಾಕ ಹೇಳಲಿಲ್ಲ?"

"ನೀ ಕೇಳಿದ್ದೇನು?" ಎಂದು ಮಜ್ಜಿಗೆ ಸುರಿದುಕೊಂಡರು. ಇಂಥವರ ಜೊತೆ ಸಂಸಾರ ಮಾಡಿದವಳು ನಾನು!

ಗೌಂಡಿ ಮುಂಜಾನೆಯ ರೈಲಿಗೆ ಬಂದ. ಮುದುಕ, ಕಡ್ಡಿಯಂಥ ಆಳು. ಗೋಡೆ ನೋಡಿದವನೇ, "ಮನ್ಯಾಗ ಹಪ್ಪಳ ಅದಾವೇನ್ರಿ ಅವ್ವಾರ? ಮೂರು ಸುಟ್ಟು ಕೊಡ್ರಿ" ಎಂದ.

"ಕೆಲಸಾ ಸುರು ಮಾಡೂಕಿಂತ ಮೊದಲ ತಿನ್ನೂದು ನೋಡ್ತೀರಲ್ಲ!"

"ನನಗಲ್ರಿ. ಗ್ವಾಡಿಗೆ."

ಅವನು ಮೂರು ಮೊಳೆ ಹೊಡೆದ, ಮೊಣಕಾಲಿನ ಮಟ್ಟಕ್ಕೊಂದು, ಸೊಂಟಕ್ಕೊಂದು, ತಲೆಗೊಂದು. ಒಂದೊಂದಕ್ಕೂ ಒಂದೊಂದು ಹಪ್ಪಳವನ್ನು ಗೋಡೆಗೆ ತಾಗುವಂತೆ ಕಟ್ಟಿ ಮೇಲೆ ಮೇಣಬಟ್ಟೆ ಮುಚ್ಚಿದ. ಸಂಜೆಯವರೆಗೆ ಬಾಗಿಲು ಹಾಕಿಸಿದ. ಹಪ್ಪಳ ಬಿಚ್ಚಿದಾಗ ನಾನೂ ನಿಂತು ನೋಡಿದೆ. ತಲೆಯ ಮಟ್ಟದ್ದು ಪಟ್ಟನೆ ಮುರಿಯಿತು. ಸೊಂಟದ ಮಟ್ಟದ್ದು ಬಾಗಿತು. ಕೆಳಗಿನದು ಒದ್ದೆ ಅರಿವೆಯಂತೆ ಮಡಚಿಕೊಂಡಿತು.

"ಮಾಳಗಿ ಸೋರಾಕತ್ತಿಲ್ರಿ. ನೀರು ನೆಲದಾಗಿಂದ ಏರಾಕತ್ತೈತಿ. ಮಣ್ಣಿನ ಗ್ವಾಡಿ ಉಸಿರಾಡಬೇಕು. ನೀವು ಎರಡೂ ಕಡೆ ಸಿಮಿಟ್ ಬಡದು ಅದರ ಬಾಯಿ ಮುಚ್ಚೀರಿ. ಹೊರಗ ಬರಾಕ ಹಾದಿ ಇಲ್ಲದ ನೀರು ಮ್ಯಾಲ ಹತ್ತೈತಿ."

ಆಮೇಲೆ ಹಿತ್ತಿಲಿಗೆ ಹೋಗಿ ಅದೇ ಗೋಡೆಯ ಹೊರಮಗ್ಗುಲಲ್ಲಿ ನಿಂತ. ಅಲ್ಲಿ ನನ್ನ ಮಲ್ಲಿಗೆ ಬಳ್ಳಿ. ಮಗಳು ಹುಟ್ಟಿದ ವರ್ಷ ಅವಳ ಜಡೆಗೆಂದು ನೆಟ್ಟದ್ದು. ದಿನಾ ಎರಡು ಕೊಡ ನೀರು ಹಾಕುತ್ತಿದ್ದೆ, ತಪ್ಪಿಸಿದ್ದೇ ಇಲ್ಲ.

"ಇದನ್ನ ಕೀಳಬೇಕ್ರಿ" ಎಂದ.

"ನಿನ್ನ ಕೈ ಮುರೀಲಿ!" ಅಂದೇಬಿಟ್ಟೆ. ಅವನು ಸಿಟ್ಟಾಗಲಿಲ್ಲ. ಬಳ್ಳಿಯ ಬುಡದ ಮಣ್ಣನ್ನು ಒಂದು ಹಿಡಿ ತೆಗೆದು ನನ್ನ ಅಂಗೈ ಮೇಲೆ ಹಿಂಡಿದ. ನೀರು ಬಂತು. ನಾನು ಒಳಗೆ ಹೋಗಿ ಅತ್ತೆ. ಹೊರಗೆ ಬಂದು ಕೀಳಲು ಹೇಳಿದೆ. ಬಾವಿಯ ಹತ್ತಿರ ಮತ್ತೆ ನೆಟ್ಟೆವು, ಆದರೆ ಅದು ಹಿಡಿಯಲಿಲ್ಲ.

ಅವನು ಸಿಮೆಂಟನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದ. ಹೊರಗೆ ಗೋಡೆಯುದ್ದಕ್ಕೂ ಮೊಣಕಾಲುದ್ದದ ಕಾಲುವೆ ತೋಡಿ ಒಡೆದ ಕಲ್ಲು ತುಂಬಿ, ನೀರು ರಸ್ತೆಯ ಕಡೆ ಹರಿಯುವಂತೆ ಇಳಿಜಾರು ಮಾಡಿದ. ಇಷ್ಟಾದ ಮೇಲೆ ಗೋಡೆಯನ್ನು ಬತ್ತಲೆ ಬಿಟ್ಟು ಊರಿಗೆ ಹೊರಟ! ಎಂಟು ದಿನಕ್ಕೊಮ್ಮೆ ಬರುವುದು, ಹಪ್ಪಳ ಕಟ್ಟುವುದು, ಸಂಜೆ ಮುರಿದು ನೋಡಿ ತಲೆ ಅಲ್ಲಾಡಿಸಿ ಹೋಗುವುದು. ನಮ್ಮ ಹಪ್ಪಳದ ಡಬ್ಬಿಯನ್ನು ಆ ವರ್ಷ ಗೋಡೆಯೇ ತಿಂದು ಮುಗಿಸಿತು. ಓಣಿಯವರು ನಕ್ಕರು. ನನಗೋ ಆಷಾಢದ ಚಿಂತೆ.

"ಸುಣ್ಣಾ ಯಾವಾಗ ಹಚ್ಚತೀಯೋ ಯಪ್ಪಾ?"

"ಗ್ವಾಡಿ ಒಣಗೂಮಟಾ ನಾ ಕೈ ಹಚ್ಚಂಗಿಲ್ರಿ. ಅವಸರ ಇದ್ರ ಸೈಕಲ್ ಗುತ್ತೇದಾರನ್ನ ಕರೀರಿ."

ಗುತ್ತೇದಾರನ ಕಥೆ ನಾನೇ ಅವನಿಗೆ ಹೇಳಿದ್ದೆ, ಅದನ್ನ ನನಗೇ ತಿರುಗಿಸಿ ಕೊಟ್ಟ ನೋಡಿ! ಚೈತ್ರ ಮುಗಿಯುವಾಗ ಕೆಳಗಿನ ಹಪ್ಪಳವೂ ಮುರಿಯಿತು. ಆಗ ಗಾರೆ ಸುಣ್ಣ ಅರೆಸಿ ತೆಳ್ಳಗೆ ಬಳಿದ.

ವೈಶಾಖದಲ್ಲಿ ಏಳು ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬೀಗತಿ ನನ್ನ ಮಗಳನ್ನು ಕರೆತಂದರು. ಹೂವನ್ನು ಪೇಟೆಯಿಂದ ತರಿಸಿದ್ದೆ. ಬೀಗತಿ ಗೋಡೆಗೆ ಅಂಗೈ ಒತ್ತಿ, ಅದನ್ನು ತಿರುಗಿಸಿ ನೋಡಿಕೊಂಡರು. ನಾನು ಬೆಳಗ್ಗೆಯೇ ಕಟ್ಟಿಟ್ಟಿದ್ದ ಕೆಳಗಿನ ಹಪ್ಪಳ ಬಿಚ್ಚಿ ಅವರ ಕೈಗಿಟ್ಟೆ. ಪಟ್ ಅಂತ ಎರಡು ಹೋಳಾಯಿತು. ಒಂದು ಹೋಳನ್ನು ಅವರು ಅಲ್ಲೇ ನಿಂತು ತಿಂದರು.

"ಉಪ್ಪು ಒಂದೀಟು ಜಾಸ್ತಿ ಆಗೇತ್ರಿ. ಮಗಳನ್ನ ಇಟ್ಕೋರಿ" ಎಂದರು.

ಆಷಾಢದ ಜಡಿಮಳೆಯಲ್ಲಿ ಮೊಮ್ಮಗಳು ಹುಟ್ಟಿದಳು. ಹನ್ನೆರಡನೆಯ ದಿನ ಮಧ್ಯಾಹ್ನ ಅಗ್ಗಿಷ್ಟಿಕೆಗೆ ಕೆಂಡ ಹಾಕುತ್ತಿದ್ದೆ. ಮಗಳು ಗೋಡೆಗೆ ಬೆನ್ನು ಕೊಟ್ಟು ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು.

"ಅವ್ವಾ, ಈ ಮಳಿಗಾಲದಾಗ ನನಗ ದಮ್ಮು ಬರಲೇ ಇಲ್ಲ ನೋಡು" ಎಂದಳು. ಕೂಸನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡು ಮತ್ತೆ ಕೇಳಿದಳು, "ಸಣ್ಣಾಕಿದ್ದಾಗ ನಾ ಇದ ಖೋಲ್ಯಾಗ ಮಲಗ್ತಿದ್ನೆಲ್ಲ? ದಮ್ಮು ಬರ್ತಿದ್ದದ್ದು ಈ ಗ್ವಾಡಿಯಿಂದನ ಏನ?"

ನನ್ನ ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಂತಿತು. ಅವಳ ದಮ್ಮು ಯಜಮಾನರ ಮನೆತನದ್ದು ಎಂದು ಅವರನ್ನು ಎಷ್ಟು ಸಲ ಚುಚ್ಚಿದ್ದೆ! ಅವಳು ಗೋಡೆಯ ಈಚೆ ಉಸಿರಿಗೆ ಒದ್ದಾಡುತ್ತಿದ್ದಾಗ, ಅವಳ ಜಡೆಗೆ ಹೂವು ಬೇಕೆಂದು ನಾನು ಆಚೆ ನಿಂತು ಕೊಡ ಬಗ್ಗಿಸುತ್ತಿದ್ದೆ.

"ಹೌದವ್ವಾ. ನೀರು ಹಾಕಿದಾಕಿ ನಾನ" ಎಂದೆ. ಕಣ್ಣೀರು ತಡೆಯಲಾಗಲಿಲ್ಲ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಕೂಸನ್ನು ಎತ್ತಿ ನನ್ನ ಉಡಿಯಲ್ಲಿ ಹಾಕಿದಳು. "ಗ್ವಾಡಿ ಒಣಗಿಸಿದಾಕಿನೂ ನೀನ ಅಲ್ಲೇನ? ಇಕಿನ್ನ ಹಿಡಿ. ನಾ ಒಂದೀಟು ಮಲಗ್ತೇನಿ."

ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಹೊರಗೆ ಮಳೆ ಸುರಿಯುತ್ತಿತ್ತು. ನಾನು ಬಗ್ಗಿ ಮೊದಲು ಕೂಸಿನ ಉಸಿರು ಕೇಳಿದೆ, ಆಮೇಲೆ ಮಗಳದ್ದು. ಎರಡರಲ್ಲೂ ದಮ್ಮಿನ ಸಿಳ್ಳೆ ಇರಲಿಲ್ಲ.